ವಾಚನಾಲಯದ ನವಿಲು

ನಮ್ಮೂರಲ್ಲಿ ಗೋಡೆಯ ಮೇಲೆ ಒದ್ದೆ ಕಲೆ ಮೂಡಿತೆಂದರೆ ಜನ ಮೊದಲು ಗಾರೆಯವನನ್ನು ಕರೆಯುವುದಿಲ್ಲ. ಮನೆಯಲ್ಲಿ ಬಾಯಿ ಸುಮ್ಮನಿರದವರು ಯಾರಿದ್ದಾರೋ ಅವರನ್ನು ಹೊರಗೆ ಕಳಿಸುತ್ತಾರೆ. ಆ ಕಲೆಯನ್ನು ನೋಡಿ ಯಾರಾದರೂ ಮೊದಲ ಸಲ ಬಾಯಿಬಿಟ್ಟು ಇದು ಇಂಥದ್ದು ಅಂದುಬಿಟ್ಟರೆ ಮುಗಿಯಿತು, ಅದು ಅದೇ ಆಗಿ ಕೂತುಬಿಡುತ್ತದೆ. ನಮ್ಮ ಬಚ್ಚಲಲ್ಲಿ ಒಂದು ಏಡಿ ಇದೆ. ನಾನು ಹುಟ್ಟುವ ಮುಂಚೆ ನನ್ನ ಸೋದರಮಾವ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಕೂತವನು ಹೊತ್ತು ಹೋಗದೆ ಆಡಿದ ಮಾತು ಅದು. ಎಷ್ಟು ಸುಣ್ಣ ಹೊಡೆದರೂ ನಾಲ್ಕು ದಿನಕ್ಕೆ ಇಕ್ಕುಳದಂಥ ಕಾಲುಗಳ ಸಮೇತ ಮೇಲೆ ಬರುತ್ತದೆ. ಅಮ್ಮ ಅದಕ್ಕೆ ಬೆನ್ನು ಹಾಕಿಕೊಂಡೇ ಸ್ನಾನ ಮಾಡುತ್ತಾಳೆ. ಹೆಣ್ಣು ನೋಡಲು ಬರುವ ದಿನ ಎಲ್ಲರ ಮನೆಯಲ್ಲೂ ಗೋಡೆಗಳಿಗೆ ಸೀರೆ ಇಳಿಬಿಡುತ್ತಾರೆ, ಬರುವವರಲ್ಲಿ ಎಂಥೆಂಥ ಬಾಯಿಯವರಿರುತ್ತಾರೋ ಎಂದು. ಇನ್ನು ಕೆಲವರು, ಕಲೆ ಕಾಣಿಸಿಕೊಂಡ ಬೆಳಿಗ್ಗೆಯೇ ಒಳ್ಳೆಯ ಬಾಯಿಯವರನ್ನು ಕರೆಸಿ, ಕಾಫಿ ಕೊಟ್ಟು, ಶುಭವಾದದ್ದೇನಾದರೂ ಹೇಳಿಸಿಕೊಂಡು ನಿಶ್ಚಿಂತರಾಗುತ್ತಾರೆ. ಅದಕ್ಕೇ ನಮ್ಮೂರಿನ ಗೋಡೆಗಳ ಮೇಲೆ ಎಲ್ಲಿ ನೋಡಿದರೂ ನವಿಲು, ತಾವರೆ, ಹಂಸ, ವೀಣೆ.

ಇಂಥ ಊರಲ್ಲಿ ಹುಟ್ಟಿ ನಾನು ಯಾವುದೂ ಅಲ್ಲದ ಚಿತ್ರಗಳನ್ನು ಬರೆಯುವವಳಾದೆ. ಬೇರೆ ಊರುಗಳಲ್ಲಿ ನನ್ನಂಥವರು 'ಇದೇನು, ಇದರ ಅರ್ಥವೇನು' ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಸುಸ್ತಾಗುತ್ತಾರಂತೆ. ಪುಣ್ಯವಂತರು. ನಮ್ಮೂರಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಉತ್ತರವನ್ನೇ ಹೇಳಿಬಿಡುತ್ತಾರೆ.

ನಾನು ಕೆಲಸ ಮಾಡುವುದು ಊರಂಚಿನ ಹಳೆಯ ಎಣ್ಣೆಗಾಣದ ಮನೆಯಲ್ಲಿ. ಗಾಣ ನಿಂತು ಎಷ್ಟೋ ಕಾಲವಾದರೂ ನೆಲ ಇನ್ನೂ ಕಡಲೆಕಾಯಿ ಹಿಂಡಿಯ ವಾಸನೆ ಬಿಟ್ಟುಕೊಟ್ಟಿಲ್ಲ. ಬಾಗಿಲಲ್ಲಿ ಒಂದು ಹಂಡೆ ನೀರು, ಒಂದು ಲೋಟ. ಯಾರೇ ಬರಲಿ, ಬಾಯಿ ತುಂಬ ನೀರು ತುಂಬಿಕೊಂಡೇ ಹೊಸ್ತಿಲು ದಾಟಬೇಕು. ನೋಡಿಯಾದ ಮೇಲೆ ಹೊರಗೆ ಬಂದು ದಾಸವಾಳದ ಬುಡಕ್ಕೆ ಉಗುಳಿ, ಆಮೇಲೆ ಏನು ಬೇಕಾದರೂ ಮಾತಾಡಬಹುದು. ಕಣ್ಣೆದುರು ಚಿತ್ರವಿಲ್ಲದಿದ್ದರೆ ಮಾತು ತಗಲುವುದಿಲ್ಲ. ಈ ನಿಯಮವನ್ನು ನಾನು ಬುದ್ಧಿ ಬಂದು ಮಾಡಿದ್ದಲ್ಲ, ಹೊಟ್ಟೆ ಉರಿದು ಮಾಡಿದ್ದು. ನನ್ನ ಮೊದಲ ದೊಡ್ಡ ಚಿತ್ರವನ್ನು ಒಂದು ಇಡೀ ಮಳೆಗಾಲ ಬರೆದಿದ್ದೆ. ನೇರಳೆ ಬಣ್ಣವೊಂದು ಕಪ್ಪಾಗಲೂ ಒಪ್ಪದೆ ನೀಲಿಯಾಗಲೂ ಒಪ್ಪದೆ ನಿಂತಿತ್ತು. ಬಾಗಿಲಲ್ಲಿ ಇಣುಕಿದ ಅಂಚೆಯವನು, ಪಾಪ, ಅವನಿಗೇನೂ ದ್ವೇಷವಿರಲಿಲ್ಲ, "ಓ, ಬದನೆಕಾಯಿ!" ಅಂದ. ಕಣ್ಣೆದುರೇ ಅದಕ್ಕೆ ತೊಟ್ಟು ಬಂತು. ನಾನು ಅತ್ತು ಮುಖ ಊದಿಸಿಕೊಂಡು ಮನೆಗೆ ಹೋದರೆ ಅಮ್ಮ ಬಂದು ನೋಡಿ, "ಅಳೋದ್ಯಾಕೆ? ಎಷ್ಟು ಚೆನ್ನಾಗಿ ಬಂದಿದೆ, ಎಣ್ಣೆಗಾಯಿ ಮಾಡೋಣ ಅನ್ಸತ್ತೆ" ಅಂದಳು. ಅದರ ಮುಂದಿನದು ಮೀನಿನ ತೊಟ್ಟಿಯಾಯಿತು. ಅದರ ಮುಂದಿನದನ್ನು ಯಾರು ಏನಂದರು ಎಂದು ಹೇಳಲು ನನಗೆ ಈಗಲೂ ನಾಲಿಗೆ ಏಳುವುದಿಲ್ಲ.

ಬರೆಯುವಾಗ ಹೊರಗಿನವರ ಬಾಯಿಗಿಂತ ನನ್ನ ಬಾಯಿಯದೇ ಭಯ. ದಪ್ಪ ಬಟ್ಟೆಯನ್ನು ಚೌಕಟ್ಟಿಗೆ ಎಳೆದು ಮೊಳೆ ಹೊಡೆದು, ಸೀಮೆಸುಣ್ಣದ ಪುಡಿಗೆ ಗೋಂದು ಕಲಸಿ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು, ನೆಲದ ಮೇಲೆ ಮಲಗಿಸುತ್ತೇನೆ. ತೆಳುವಾಗಿ ಬಣ್ಣ ಸುರಿದು, ಅದು ತನ್ನಷ್ಟಕ್ಕೆ ಹರಿದು ನಿಲ್ಲುವವರೆಗೂ ಗೋಡೆಗೊರಗಿ ಕಾಲು ಚಾಚಿ ಕೂತಿರುತ್ತೇನೆ. ಅಮ್ಮನ ಪ್ರಕಾರ ಕೆಲಸದ ಮುಕ್ಕಾಲು ಪಾಲು ಇದೇ, ಮತ್ತು ಇದಕ್ಕೆ ಸೋಮಾರಿತನ ಅನ್ನುತ್ತಾರೆ. ಆಮೇಲೆ ಎತ್ತಿ ನಿಲ್ಲಿಸಿ, ದೋಸೆ ಮಗುಚುವ ಕೈಯಿಂದ ಕೆರೆಯುವುದು, ಮತ್ತೆ ಬಳಿಯುವುದು, ಮತ್ತೆ ಕೆರೆಯುವುದು. ಒಂದು ಕಡೆ ಕಣ್ಣಿನಂಥದ್ದು ಮೂಡುತ್ತಿದೆ ಅನ್ನಿಸಿದರೆ ಥಟ್ಟನೆ ಬಟ್ಟೆಯಿಂದ ಒರೆಸಬೇಕು. ಎರಡು ಗೆರೆ ಸೇರಿ ಗುಡ್ಡ ಆಗುತ್ತಿದ್ದರೆ ಒಂದನ್ನು ಮುರಿಯಬೇಕು. ಹೆಸರುಗಳು ಇರುವೆಗಳ ಹಾಗೆ, ಎಲ್ಲಿಂದಲೋ ವಾಸನೆ ಹಿಡಿದು ಸಾಲಾಗಿ ಬರುತ್ತವೆ. ಅದಕ್ಕೇ ನಾನು ದುಪಟ್ಟಾದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೆಲಸ ಮಾಡುವುದು. ಸಂಜೆ ಹೊತ್ತಿಗೆ ದವಡೆ ನೋಯುತ್ತಿರುತ್ತದೆ.

ನಾನು ಇಂಥವಳಾಗಿದ್ದಕ್ಕೆ ಅಜ್ಜಿ ಕಾರಣ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವಳು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಸಿ, ನಡುಮನೆಯ ನೆಲಕ್ಕೆ ನೀರು ಚಿಮುಕಿಸಿ, ತಲೆಯ ಕೆಳಗೆ ತೋಳಿಟ್ಟುಕೊಂಡು ಮಲಗಿ ಕಥೆ ಹೇಳುತ್ತಿದ್ದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ತಣ್ಣನೆ ಕತ್ತಲೆ. "ರಾಜಕುಮಾರಿ ಏಳನೇ ಬಾಗಿಲು ತಳ್ಳಿದ್ಲು. ಕಿರ್ ಅಂತ ತೆರೀತು. ಒಳಗಿಂದ ಬಂತು ನೋಡು..." ಅಂದು ನಿಲ್ಲಿಸಿಬಿಡುವಳು. "ಏನು ಬಂತಜ್ಜಿ?" "ತಡಿಯೇ. ಬರ್ಲಿ." ಆ 'ಬರ್ಲಿ'ಗೂ ಅವಳ ಮುಂದಿನ ಮಾತಿಗೂ ನಡುವೆ ಎಷ್ಟು ಹೊತ್ತು ಇರುತ್ತಿತ್ತೋ ಗೊತ್ತಿಲ್ಲ, ನಾನು ಆ ಕತ್ತಲೆಯನ್ನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ಅಲ್ಲಿ ಎಲ್ಲವೂ ಇತ್ತು. ಏನೂ ಇನ್ನೂ ಬಂದಿರಲಿಲ್ಲ, ಆದರೆ ಎಲ್ಲವೂ ಬರುವುದರಲ್ಲಿತ್ತು. ಕೊನೆಗೆ ಅಜ್ಜಿ ರಾಕ್ಷಸ ಅಂತಲೋ ಗಿಣಿ ಅಂತಲೋ ಹೇಳುವಳು, ನನಗೆ ಪ್ರತಿ ಸಲವೂ ಮೋಸ ಹೋದ ಹಾಗಾಗುತ್ತಿತ್ತು. ಬರೀ ಗಿಣಿಯಾ? ಅಷ್ಟೆಲ್ಲ ಇದ್ದ ಕಡೆಯಿಂದ ಬಂದದ್ದು ಒಂದು ಗಿಣಿಯಾ?

ಹೋದ ವರ್ಷ ಅಜ್ಜಿ ತೀರಿಕೊಂಡಳು. ಅವಳ ಕಥೆಗಳೆಲ್ಲ ನನಗೆ ಬಾಯಿಪಾಠ. ಆದರೆ ನನಗೆ ನಾನೇ ಹೇಳಿಕೊಂಡರೆ ಮಧ್ಯೆ ಆ ಕತ್ತಲೆ ಬರುವುದಿಲ್ಲ. ಮುಂದಿನದು ಗೊತ್ತಿರುತ್ತದಲ್ಲ. ಆ ಕತ್ತಲೆಯನ್ನು ಬಟ್ಟೆಯ ಮೇಲೆ ಉಳಿಸಿಕೊಳ್ಳಬೇಕು ಅನ್ನುವುದೊಂದೇ ಆಸೆ ನನಗೆ ಉಳಿದದ್ದು.

ಹೀಗಿರುವಾಗ ಒಂದು ದಿನ ಗುರುಪಾದಪ್ಪನವರು ಗಾಣದ ಮನೆಯ ಅಂಗಳಕ್ಕೆ ಬಂದರು. ಊರ ಕಲಾ ಸಮಿತಿಯ ಅಧ್ಯಕ್ಷರು. ಬೆಳ್ಳನೆಯ ಜುಬ್ಬಾ, ಮೈತುಂಬ ಅತ್ತರಿನ ಪರಿಮಳ, ಯಾರನ್ನು ಕಂಡರೂ ನಗು. ಇಡೀ ಊರಿನಲ್ಲಿ ಅವರ ಬಾಯಿ ಒಳ್ಳೆಯ ಬಾಯಿ ಎಂದು ಹೆಸರಾದದ್ದು. ಜೀವಮಾನದಲ್ಲಿ ಒಂದು ಕಲೆಗೂ ಅವರು ಕೆಟ್ಟ ಹೆಸರು ಹೇಳಿದವರಲ್ಲ. ಅಂಗಳದಲ್ಲೇ ನಿಂತು ಅಂದರು: "ಏನಮ್ಮಾ ದಾಕ್ಷಾಯಿಣಿ, ಹೊಸ ವಾಚನಾಲಯದ ದೊಡ್ಡ ಗೋಡೆ ಖಾಲಿ ಇದೆಯಲ್ಲ. ಊರ ಹುಡುಗಿ ನೀನಿರುವಾಗ ಹೊರಗಿನವರನ್ನ ಯಾಕೆ ಕರೆಸೋದು ಅಂತ ಸಮಿತಿಯಲ್ಲಿ ನಾನೇ ಹೇಳಿದೆ."

"ಬರೀತೀನಿ ಸಾರ್. ಆದ್ರೆ ಒಂದು ಷರತ್ತು."

"ಹೇಳಮ್ಮ."

"ಅದಕ್ಕೆ ಯಾರೂ ಹೆಸರು ಹೇಳಬಾರ್ದು. ನೀವೂ."

"ಎಷ್ಟು ದಿನ?"

"ದಿನ ಅಂತೇನಿಲ್ಲ ಸಾರ್. ಯಾವತ್ತಿಗೂ."

ಅವರು ಹೊಟ್ಟೆ ಕುಣಿಸಿ ನಕ್ಕರು. "ಹುಟ್ಟಿದ ಮಗೂಗೆ ನಾಮಕರಣವೇ ಬೇಡ ಅಂದ ಹಾಗಾಯ್ತು!"

"ಅದು ಮಗು ಅಲ್ವಲ್ಲ ಸಾರ್."

ಗುರುಪಾದಪ್ಪನವರು ನನ್ನ ಮುಖವನ್ನು ನೋಡಿದರು. ಆಮೇಲೆ ನನ್ನ ಬಣ್ಣದ ಕೈಯನ್ನು, ಜುಬ್ಬಾಕ್ಕೆ ತಾಗೀತೆಂಬ ಯೋಚನೆಯೂ ಇಲ್ಲದೆ, ಎರಡೂ ಕೈಯಲ್ಲಿ ಹಿಡಿದುಕೊಂಡರು. "ಆಗಲಿ ತಾಯಿ, ಮಾತು ಕೊಟ್ಟೆ. ಬಾಗಿಲಲ್ಲೇ ಒಂದು ನಲ್ಲಿ ಹಾಕಿಸ್ತೀನಿ. ವಾಚನಾಲಯದಲ್ಲಿ ಹೇಗೂ ಯಾರೂ ಮಾತಾಡೋ ಹಾಗಿಲ್ಲ. ಬಾಯಲ್ಲಿ ನೀರು ತುಂಬ್ಕೊಂಡೇ ಪೇಪರ್ ಓದ್ಲಿ, ಒಳ್ಳೇದೇ ಆಯ್ತು." ನಾನು ನಂಬಿದೆ. ನಂಬದೆ ಏನು ಮಾಡಲಿ? ಅಷ್ಟು ಒಳ್ಳೆಯವರು.

ಬೇಸಿಗೆ ಪೂರ್ತಿ ಬರೆದೆ. ಬಟ್ಟೆಯನ್ನು ಹೊಲಿದುಕೊಟ್ಟವಳು ನನ್ನ ಗೆಳತಿ ಝರೀನಾ. ಅವಳ ಮನೆಯವರದು ಶಾಮಿಯಾನದ ವ್ಯಾಪಾರ, ಆ ಗೋಡೆಯಷ್ಟು ದೊಡ್ಡ ಬಟ್ಟೆ ಹೊಲಿಯುವ ಕೈ ಊರಲ್ಲಿ ಇನ್ನಾರಿಗೂ ಇಲ್ಲ. ದಿನಾ ಮಧ್ಯಾಹ್ನ ಕೆನ್ನೆ ಉಬ್ಬಿಸಿಕೊಂಡು ಬಂದು, ಹುಬ್ಬಿನಲ್ಲೇ ಬೈದು, ಹುಬ್ಬಿನಲ್ಲೇ ಹೊಗಳಿ ಹೋಗುತ್ತಿದ್ದಳು. ಅಮ್ಮನೂ ಬರುತ್ತಿದ್ದಳು. ನೋಡಿ, ಉಗುಳಿ, ಅಂಗಳದಿಂದಲೇ ಶುರು: "ಒಂದು ಮೂಲೇಲಿ ಸಣ್ಣದಾಗಿ ಒಂದು ಹೂವಾದ್ರೂ ಇಡೇ. ನಾಳೆ ಯಾರಾದ್ರೂ ಏನೋ ಅಂದ್ಬಿಟ್ರೆ? ಆ ಕಡೆ ಹೆಬ್ಬಾವಿನ ಥರ..." ನಾನು ಒಳಗಿನಿಂದ ಓಡಿ ಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಅಂಗಳದಿಂದ ಚಿತ್ರ ಕಾಣುತ್ತಿರಲಿಲ್ಲವಾಗಿ ಬಚಾವಾಯಿತು.

ಚಿತ್ರ ಹೇಗಿತ್ತೆಂದರೆ, ಇಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. ಬಹಳ ಕತ್ತಲೆ ಇತ್ತು, ಆದರೆ ಕಪ್ಪು ಬಣ್ಣವನ್ನು ನಾನು ಮುಟ್ಟಿರಲೇ ಇಲ್ಲ ಎಂದಷ್ಟೇ ಈಗ ಹೇಳಬಲ್ಲೆ. ಹಸಿರಿನ ಮೇಲೆ ಕಂದು, ಕಂದಿನ ಮೇಲೆ ನೀಲಿ, ಅದನ್ನು ಕೆರೆದು ಮತ್ತೆ ಹಸಿರು. ನಡುವೆ ಎಲ್ಲೋ ಒಂದು ಹಳದಿ. ಆ ಹಳದಿಯನ್ನು ಎಷ್ಟು ಸಲ ಅಳಿಸಿದೆನೋ. ಒಮ್ಮೆ ಅದು ದೀಪವಾಗಲು ಹೋಯಿತು, ಒಮ್ಮೆ ಬಾಗಿಲಿನ ಸಂದು. ನಾನು ಬಿಡಲಿಲ್ಲ. ದುಪಟ್ಟಾದ ತುದಿ ಹರಿದೇ ಹೋಯಿತು. ಕೊನೆಗೊಂದು ಮಧ್ಯಾಹ್ನ ಝರೀನಾ ಬಂದು ನಿಂತಳು. ಹುಬ್ಬು ಅಲ್ಲಾಡಲಿಲ್ಲ. ಬಹಳ ಹೊತ್ತಿನ ಮೇಲೆ ಗುಟುಕ್ ಎಂದು ಶಬ್ದವಾಯಿತು. ಬಾಯಲ್ಲಿದ್ದ ನೀರನ್ನು ನುಂಗಿಬಿಟ್ಟಿದ್ದಳು! ತಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ನಾನೂ ಹಿಂದೆಯೇ ಓಡಿದೆ.

"ಏನಾಯ್ತೇ?"

"ಏನೋ ಬರೋ ಹಾಗಾಯ್ತು ಕಣೇ."

"ಏನು?"

"ಬರ್ಲಿಲ್ಲ. ಬರೋ ಹಾಗಾಯ್ತು, ಅಷ್ಟೆ." ಅವಳ ತೋಳಿನ ರೋಮ ಎದ್ದು ನಿಂತಿತ್ತು. ನಾನು ಒಳಗೆ ಹೋಗಿ ಕುಂಚಗಳನ್ನು ತೊಳೆದಿಟ್ಟೆ. ಮುಗಿದಿತ್ತು.

ವಾಚನಾಲಯ ತೆರೆಯುವ ದಿನ ಊರಿಗೆ ಊರೇ ಬಂತು. ಗುರುಪಾದಪ್ಪನವರು ಹೇಳಿದಂತೆ ನಲ್ಲಿ ಹಾಕಿಸಿದ್ದರು. ಜನ ಸಾಲು ನಿಂತು ಬಾಯಿ ತುಂಬಿಸಿಕೊಂಡು, ಕೆನ್ನೆ ಉಬ್ಬಿಸಿಕೊಂಡು ಒಳಗೆ ಬಂದರು. ವಕೀಲರು, ಬೇಕರಿಯವರು, ಶಾಲೆಯ ಟೀಚರುಗಳು, ಎಲ್ಲರದೂ ಒಂದೇ ಮುಖ. ವೇದಿಕೆಯ ಮೇಲೆ ಮೈಕು, ಶಾಲು, ಹಣ್ಣಿನ ಬುಟ್ಟಿ, ಒಂದು ತಟ್ಟೆಯಲ್ಲಿ ಸಣ್ಣ ಕುಂಚ ಮತ್ತು ಬಿಳಿ ಬಣ್ಣದ ಬಟ್ಟಲು. ಎಲ್ಲರೆದುರು ನಾನು ಚಿತ್ರಕ್ಕೆ ರುಜು ಹಾಕಬೇಕೆಂಬುದು ಸಮಿತಿಯ ಆಸೆ. ಭಾಷಣ ಮಾಡಬೇಕಾದ್ದರಿಂದ ಗುರುಪಾದಪ್ಪನವರೊಬ್ಬರ ಬಾಯಿ ಖಾಲಿ ಇತ್ತು. ಅದು ನನಗೆ ಕಂಡಿತು. ಆದರೂ, ಮಾತು ಕೊಟ್ಟಿದ್ದಾರಲ್ಲ.

ಪರದೆ ಸರಿಸಿದರು.

ಅಷ್ಟು ಜನ ಒಟ್ಟಿಗೆ ಅಷ್ಟು ಸುಮ್ಮನಿದ್ದದ್ದನ್ನು ನಮ್ಮೂರು ಹಿಂದೆಂದೂ ಕಂಡಿರಲಿಲ್ಲ. ಫ್ಯಾನಿನ ಶಬ್ದ ಕೇಳುತ್ತಿತ್ತು. ಮೊದಲು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕಣ್ಣಲ್ಲೇ ನಕ್ಕರು. ಆಮೇಲೆ ನಗು ನಿಂತಿತು. ಹೂ ಮಾರುವ ನಂಜವ್ವ ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟಳು, ಕೈ ಮೊಣಕಾಲ ಮೇಲೆ, ತಲೆ ಮುಂದಕ್ಕೆ, ಯಾರೋ ಏನೋ ಹೇಳುವುದರಲ್ಲಿದ್ದಾರೆ ಅನ್ನುವ ಹಾಗೆ. ವಕೀಲರ ಬಾಯಿಯ ತುದಿಯಿಂದ ನೀರು ಸಣ್ಣಗೆ ಇಳಿದು ಕೋಟಿನ ಮೇಲೆ ಬೀಳುತ್ತಿತ್ತು, ಅವರಿಗೆ ಗೊತ್ತೇ ಇಲ್ಲ. ಅಮ್ಮ ನನ್ನ ಪಕ್ಕದಲ್ಲಿದ್ದಳು. ನನ್ನ ಕೈ ಹುಡುಕಿ ಹಿಡಿದುಕೊಂಡಳು. ನನಗೆ ಗೊತ್ತಾಯಿತು, ಅವಳು ಈಗ ನಡುಮನೆಯಲ್ಲಿದ್ದಾಳೆ. ಅವಳೂ ಆ ಕತ್ತಲೆಯಲ್ಲೇ ಬೆಳೆದವಳಲ್ಲವೇ, ಅಜ್ಜಿ ಅವಳಿಗೇ ತಾನೇ ತಾಯಿ. 'ಬರ್ಲಿ' ಎಂದುಕೊಂಡೆ. 'ಬರದಿದ್ರೂ ಸರಿ. ಹೀಗೇ ಇರ್ಲಿ.'

ಆಗ ಮೈಕು ಕೆಮ್ಮಿತು.

"ಬಂಧುಗಳೇ," ಎಂದರು ಗುರುಪಾದಪ್ಪನವರು, ಅತ್ಯಂತ ಪ್ರೀತಿಯಿಂದ. "ಎಷ್ಟೊತ್ತು ಅಂತ ಹೀಗೆ ನಿಂತ್ಕೊಳ್ಳೋದು? ನಮ್ಮ ದಾಕ್ಷಾಯಿಣಿ ಬಹಳ ಕಷ್ಟಪಟ್ಟಿದ್ದಾಳೆ. ಆ ಕಷ್ಟ ಸಾರ್ಥಕ ಆಗಬೇಕು. ಈ ನವಿಲು ನಮ್ಮ ವಾಚನಾಲಯಕ್ಕೆ..."

ಮುಂದೇನಂದರೋ ಕೇಳಿಸಲಿಲ್ಲ. ಬಣ್ಣಗಳು ಬೆಲ್ ಹೊಡೆದ ಮೇಲೆ ಸಾಲು ಹಿಡಿಯುವ ಶಾಲೆಯ ಮಕ್ಕಳ ಹಾಗೆ ದಡಬಡ ಓಡಿದವು. ನೀಲಿ ಕತ್ತಾಗಿ ಎದ್ದಿತು. ಹಸಿರು ಗರಿಗರಿಯಾಗಿ ಬಾಚಿಕೊಂಡಿತು. ನನ್ನ ಹಳದಿ, ನಾನು ದೀಪವೂ ಆಗಬೇಡ ಸಂದೂ ಆಗಬೇಡ ಎಂದು ಅಷ್ಟು ಸಲ ಬೇಡಿಕೊಂಡ ಹಳದಿ, ಹೋಗಿ ತಲೆಯ ಮೇಲೆ ಜುಟ್ಟಾಗಿ ಕೂತಿತು. ಜನ ಬೆಚ್ಚಿ ಒಟ್ಟಿಗೇ ಬಾಯಿ ಬಿಟ್ಟರು. ಅಷ್ಟು ಬಾಯಿಗಳ ನೀರು ಬುಸ್ಸೆಂದು ಮುಂದಿನವರ ಬೆನ್ನಿಗೆ, ಮೇಜಿನ ಮೇಲಿನ ಪೇಪರುಗಳಿಗೆ ಚಿಮ್ಮಿತು. ಆಮೇಲೆ, ಏನು ಹೇಳಲಿ, ಚಪ್ಪಾಳೆ.

ಗುರುಪಾದಪ್ಪನವರು ಶಾಲು ಬಿಡಿಸಿ ಹಿಡಿದು ನನ್ನನ್ನು ಕರೆದರು. ನಾನು ಹತ್ತಿದೆ.

"ಮಾತು ಕೊಟ್ಟಿದ್ರಿ ಸಾರ್." ಮೈಕು ಹತ್ತಿರವಿದ್ದುದರಿಂದ ಎಲ್ಲರಿಗೂ ಕೇಳಿಸಿತು.

"ಕೊಟ್ಟಿದ್ದೆ ಕಣಮ್ಮ, ಇಲ್ಲ ಅನ್ನಲ್ಲ. ಆದ್ರೆ ಜನದ ಮುಖ ನೋಡಿದ್ಯಾ? ನಡುನೀರಲ್ಲಿ ನಿಂತವರ ಹಾಗಿದ್ರು. ಒಂದು ದಡ ಬೇಡ್ವಾ? ನಾನು ದಡ ಸೇರಿಸಿದೆ. ನಾಳೆ ದಾರೀಲಿ ಹೋಗೋ ಯಾವನೋ ಬಂದು ಕತ್ತೆ ಅಂದಿದ್ರೆ ಏನ್ಮಾಡ್ತಿದ್ದೆ?"

"ಕತ್ತೆ ಅಂದಿದ್ರೆ ಇಷ್ಟು ಸಿಟ್ಟು ಬರ್ತಿರ್ಲಿಲ್ಲ ಸಾರ್. ಅವನು ಆಮೇಲೆ ನಂಗೆ ಶಾಲು ಹೊದಿಸೋಕೆ ಬರ್ತಿರ್ಲಿಲ್ಲ."

ಕೆಳಗೆ ಯಾರೋ ಕಿಸಕ್ಕೆಂದರು. ಅಮ್ಮ "ದಾಕ್ಷೀ" ಎಂದು ಹಲ್ಲು ಕಚ್ಚಿ ಕೂಗಿದಳು. ನಾನು ತಟ್ಟೆಯಲ್ಲಿದ್ದ ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿ ಗುರುಪಾದಪ್ಪನವರ ಮುಂದೆ ಹಿಡಿದೆ.

"ರುಜು ಹಾಕಿ."

"ಇದೇನಮ್ಮ ತಮಾಷೆ? ಬರೆದವಳು ನೀನು."

"ನಾನು ನವಿಲು ಬರೆದಿಲ್ಲ ಸಾರ್. ಊರಿಗೇ ಗೊತ್ತು. ನಂಜವ್ವ, ನೀನು ಮುಂದೇನೇ ಕೂತಿದ್ಯಲ್ಲ, ನವಿಲಿತ್ತಾ?"

ನಂಜವ್ವ ನೆಲದಿಂದ ಏಳಲೂ ಇಲ್ಲ. ನಿದ್ದೆಯಿಂದ ಎಬ್ಬಿಸಿದವರ ಮೇಲೆ ಬರುವ ಸಿಟ್ಟು ಅವಳ ದನಿಯಲ್ಲಿತ್ತು. "ಎಲ್ಲಿತ್ತು ಮಗ ನವಿಲು? ಇದ್ದಿದ್ರೆ ನಂಗೆ ಕಾಣ್ತಿರ್ಲಿಲ್ವಾ? ನಾನು ಬೇರೇನೋ ನೋಡ್ತಾ ಇದ್ದೆ, ಈ ಸ್ವಾಮಿ ಬಾಯಿ ಬಿಟ್ಮೇಲೇ ಇದು ಬಂದು ನಿಂತ್ಕೊಂಡಿದ್ದು. ಅದಾದ್ರೂ ನೆಟ್ಟಗೈತಾ? ಕಾಲು ನೋಡು, ಎದೇಲಿಂದ ಬಂದೈತೆ. ನೀರಿಗೆ ಬಿದ್ದ ಕೋಳಿ ಇದ್ದಂಗೈತೆ."

ಈಗ ನಗು ತಡೆಯುವವರು ಯಾರೂ ಉಳಿಯಲಿಲ್ಲ. ನಿಜವಾಗಿಯೂ ಒಂದು ಕಾಲು ಎದೆಯಿಂದಲೇ ಹೊರಟಿತ್ತು. ಕಂದು ಬಣ್ಣ ಅಲ್ಲಿ ಬಿಟ್ಟರೆ ಬೇರೆಲ್ಲೂ ಮೇಲ್ಪದರದಲ್ಲಿರಲಿಲ್ಲ, ಅದೇನು ಮಾಡೀತು ಪಾಪ, ಇದ್ದಲ್ಲೇ ಕಾಲಾಯಿತು. ಕತ್ತು ಸೊಟ್ಟ. ಒಂದು ಕಣ್ಣು ಗರಿಯ ಮೇಲೆ. ಗುರುಪಾದಪ್ಪನವರು ತಿರುಗಿ ನೋಡಿದರು. ಅವರು ಊರ ತುಂಬ ನವಿಲು ನವಿಲು ಅಂದುಕೊಂಡು ಬಂದವರು, ತಾವು ಅಂದ ಮೇಲೆ ಬಂದ ನವಿಲು ಹೇಗಿದೆಯೆಂದು ನಿಂತು ನೋಡಿದ್ದು ಅದೇ ಮೊದಲಿರಬೇಕು. ಕಾಫಿ ಕುಡಿದು ಎದ್ದುಬಿಡುತ್ತಿದ್ದರಲ್ಲ. ಅವರ ಮುಖ ಸಣ್ಣದಾಯಿತು.

"ಇದಕ್ಕಾ ನನ್ನ ಹೆಸರು?" ಮೆಲ್ಲಗೆ ಅಂದರು. ಮೈಕು ಅದನ್ನೂ ಬಿಡಲಿಲ್ಲ. "ಇಷ್ಟು ಸೊಟ್ಟಗಿರೋದಕ್ಕೆ?"

"ನನ್ನ ಹೆಸರಾದ್ರೆ ಆಗತ್ತಾ ಸಾರ್?"

ಹಾಕಿ ಸಾರ್ ಎಂದಿತು ಒಂದು ದನಿ. ಅದು ಝರೀನಾ ಎಂದು ನನಗೆ ಗೊತ್ತಾಯಿತು. ಆಮೇಲೆ ಹಾಕಿ ಹಾಕಿ ಎಂದು ಎಲ್ಲ ಕಡೆಯಿಂದಲೂ. ಹಾಕುವುದಿಲ್ಲ ಅಂದರೆ ನವಿಲು ಚೆನ್ನಾಗಿಲ್ಲ ಎಂದು ಒಪ್ಪಿಕೊಂಡ ಹಾಗೆ, ಹಾಕಿದರೆ ಚೆನ್ನಾಗಿಲ್ಲದ ನವಿಲು ತನ್ನದು ಎಂದು ಒಪ್ಪಿಕೊಂಡ ಹಾಗೆ. ಅವರು ಕುಂಚ ತೆಗೆದುಕೊಂಡರು. ಕೆಳಗೆ ಮೂಲೆಯಲ್ಲಿ, ಆದಷ್ಟು ಸಣ್ಣ ಅಕ್ಷರದಲ್ಲಿ ಬರೆದರು. ನಾನು ಶಾಲು ಮುಟ್ಟದೆ ಇಳಿದು ಬಂದೆ.

ಆಮೇಲೆ ಊರಲ್ಲಿ ಏನೇನೋ ಆಯಿತು. ಬೇಕರಿಯವರು ತಮ್ಮ ಗೋಡೆಯ ಮೇಲಿನ ದೊಡ್ಡ ಮೂಗಿಗೆ ಕಾರಣನಾದ ಷಡ್ಡಕನನ್ನು ಎಳೆದುಕೊಂಡು ಬಂದು ಅದರ ಕೆಳಗೆ ರುಜು ಹಾಕಿಸಿದರಂತೆ. ಯಾರದೋ ಮನೆಯ ಸೊಂಡಿಲಿಲ್ಲದ ಆನೆಯ ಕೆಳಗೆ ಬೀಗಿತ್ತಿಯ ಹೆಸರು ಬಿತ್ತು, ಎರಡು ಮನೆಯವರೂ ಮಾತು ಬಿಟ್ಟಿದ್ದೂ ಆಯಿತು. ಈಗೀಗ ಒದ್ದೆ ಗೋಡೆಯ ಮುಂದೆ ಜನ ಬಾಯಿ ತೆರೆದು, ಏನೋ ನೆನೆದು, ಮತ್ತೆ ಮುಚ್ಚಿಕೊಳ್ಳುತ್ತಾರೆ. ಕೆಲವು ಮನೆಗಳಲ್ಲಿ ಕಲೆಗಳು ಬರೀ ಕಲೆಗಳಾಗಿಯೇ ಉಳಿದಿವೆ. ಜನ ಬಂದು ನನಗೆ ಇದನ್ನೆಲ್ಲ ಹೇಳಿ, ಗೆದ್ದೆಯಲ್ಲಮ್ಮ ಅನ್ನುತ್ತಾರೆ.

ಏನು ಗೆದ್ದದ್ದು? ನನ್ನ ಚಿತ್ರ ಎಲ್ಲಿದೆ?

ಮಳೆ ಶುರುವಾಗುವ ಹೊತ್ತಿಗೆ ಗುರುಪಾದಪ್ಪನವರು ಮತ್ತೆ ಗಾಣದ ಮನೆಯ ಅಂಗಳಕ್ಕೆ ಬಂದರು. ಈ ಸಲ ಅತ್ತರಿರಲಿಲ್ಲ. ವಾಚನಾಲಯಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆಂದು ಕೇಳಿದ್ದೆ. ಕಾಲೇಜು ಹುಡುಗಿಯರು ಪೇಪರಿನ ಹಿಂದಿನಿಂದ ಒಮ್ಮೆ ನವಿಲನ್ನೂ ಒಮ್ಮೆ ಅವರನ್ನೂ ನೋಡುತ್ತಾರಂತೆ. ನಾನು ಬಾಗಿಲಲ್ಲೇ ನಿಂತೆ. ಕೂತುಕೊಳ್ಳಿ ಅನ್ನಲಿಲ್ಲ.

"ಒಂದು ಕೇಳೋಣ ಅಂತ ಬಂದೆ," ಅಂದರು. "ಅಲ್ಲಿ ಏನಿತ್ತಮ್ಮಾ?"

"ಎಲ್ಲಿ ಸಾರ್?"

"ಆ ಗೋಡೆ ಮೇಲೆ. ನಾನು ಅನ್ನೋದಕ್ಕೆ ಮುಂಚೆ. ನಂಜವ್ವ ದಿನಾ ಬಯ್ತಾಳೆ, ಹೂವು ತಗೊಳ್ಳೋಕೆ ಹೋದ್ರೆ ಕೊಡೋದಿಲ್ಲ, ನಾನು ನೋಡ್ತಾ ಇದ್ದಿದ್ದನ್ನ ಹಾಳು ಮಾಡ್ದೆ ಅಂತಾಳೆ. ಏನು ನೋಡ್ತಾ ಇದ್ದೆ ಅಂದ್ರೆ ಹೇಳೋಕೆ ಬರಲ್ಲ ಅವಳಿಗೆ. ಎಲ್ರೂ ಏನನ್ನೋ ನೋಡಿದ್ರು. ನಾನು..." ಅವರು ದಾಸವಾಳದ ಗಿಡದ ಕಡೆ ನೋಡಿದರು. "ನಾನು ಭಾಷಣ ನೆನಪು ಮಾಡ್ಕೊಂಡು ನಿಂತಿದ್ದೆ. ನೋಡ್ಲೇ ಇಲ್ಲ."

ಅವರಿಗೆ ಉತ್ತರ ಕೊಡಬೇಕೆಂದಲ್ಲ, ನನ್ನ ಸಮಾಧಾನಕ್ಕೆ ನಾನು ಕಣ್ಣು ಮುಚ್ಚಿದೆ. ಆ ಹಳದಿ ಎಲ್ಲಿತ್ತು, ನೀಲಿ ಅದನ್ನು ಎಲ್ಲಿ ಮುಟ್ಟದೆ ನಿಂತಿತ್ತು ಎಂದು ನೆನೆಯಲು ಹೋದೆ. ನವಿಲು ಬಂತು. ಇನ್ನೊಮ್ಮೆ ನೋಡಿದೆ. ಸೊಟ್ಟ ಕತ್ತು, ಎದೆಯ ಕಾಲು. ಬಟ್ಟೆಯ ಮೇಲಿನದಷ್ಟೇ ಅಲ್ಲ, ನನ್ನೊಳಗಿನದೂ ಹೋಗಿತ್ತು. ಮನಸ್ಸಿನಲ್ಲೇ ನಡುಮನೆಗೆ ಹೋದೆ, ಬಾಗಿಲು ಮುಚ್ಚಿದೆ, ಅಜ್ಜಿ ಮಲಗಿದ್ದಳು, ಏಳನೇ ಬಾಗಿಲು ಕಿರ್ ಅಂದಿತು. "ತಡಿಯೇ, ಬರ್ಲಿ." ಕತ್ತಲೆಯಿಂದ ಕುಂಟುತ್ತಾ ಅದೇ ನವಿಲು ಹೊರಬಂತು. ಅಜ್ಜಿಯ ಎಲ್ಲ ಬಾಗಿಲುಗಳಿಂದಲೂ ಅದೊಂದೇ.

ಕಣ್ಣು ಬಿಟ್ಟೆ. ಆ ಮನುಷ್ಯ ನನ್ನೆದುರು ನಿಂತಿದ್ದರು, ಕೈ ಕಟ್ಟಿಕೊಂಡು, ನಿಜವಾಗಿಯೂ ನೊಂದುಕೊಂಡು. ಅವರಿಗೆ ತಾವು ಏನನ್ನು ತೆಗೆದುಕೊಂಡು ಹೋದೆವೆಂದು ಇವತ್ತಿಗೂ ಗೊತ್ತಿಲ್ಲ, ಹೇಳೋಣವೆಂದರೆ ಹೇಳಲು ನನ್ನಲ್ಲಿಯೂ ಈಗ ಅದಿಲ್ಲ.

"ಇನ್ನೊಂದ್ಸಲ ಬರೀತೀಯೇನಮ್ಮ?" ಅಂದರು. "ಈ ಸಲ ನಾನೂ ನೀರು ತುಂಬ್ಕೊಂಡು ನೋಡ್ತೀನಿ. ಪ್ರಮಾಣವಾಗಿ."

"ಬರೀತೀನಿ. ನಿಮಗೋಸ್ಕರ ಅಲ್ಲ. ನಡೀರಿ ಸಾರ್, ನಂಗೆ ಕೆಲಸ ಇದೆ."

ಅವರು ಹೋದ ಮೇಲೆ ನೆಲದ ಮೇಲೆ ಕೂತು ಮತ್ತೆ ಕಣ್ಣು ಮುಚ್ಚಿದೆ. ನವಿಲು ಬಂತು. ಬಾ ಎಂದೆ. ಈ ಸಲ ಅದನ್ನು ಓಡಿಸಲು ಹೋಗಲಿಲ್ಲ, ಹತ್ತಿರ ಕೂರಿಸಿಕೊಂಡು ಕೊಕ್ಕಿನಿಂದ ಬಾಲದವರೆಗೆ ಒಂದೊಂದೇ ಗರಿ ಬಿಡಿಸಿ ನೋಡುತ್ತಾ ಹೋದೆ. ಎಲ್ಲ ಕಡೆಯೂ ಆ ಮನುಷ್ಯನ ಮಾತು ಮೆತ್ತಿಕೊಂಡಿತ್ತು. ಕೊನೆಗೆ ಬಾಲದ ತುದಿಯಾಚೆ, ಎಡಗಡೆ ಕೆಳಗೆ, ಗರಿಯೂ ಅಲ್ಲದ ನೆಲವೂ ಅಲ್ಲದ ಒಂದು ಜಾಗ ಕಾಣಿಸಿತು. ಮಾತು ಅಲ್ಲಿಯವರೆಗೆ ಬಂದು ತಲುಪುವಷ್ಟರಲ್ಲಿ ಚಪ್ಪಾಳೆ ಶುರುವಾಗಿರಬೇಕು, ಮುಟ್ಟದೆ ಬಿಟ್ಟಿತ್ತು. ಅಂಗೈಯಗಲ. ಹಸಿರೋ ಕಂದೋ ಹೇಳಲಾಗದ್ದು, ಸ್ವಲ್ಪ ಅಲುಗಾಡುತ್ತಿತ್ತು. ಅದು ಮಾಯವಾಗುವ ಮುಂಚೆ ಎದ್ದು, ಕಣ್ಣು ಪೂರ್ತಿ ಬಿಡದೆ ತಡಕಾಡಿಕೊಂಡೇ ಬಟ್ಟಲು ಹುಡುಕಿ, ಬಣ್ಣ ಕಲಸತೊಡಗಿದೆ.